ಘಟ್ಟ ಇಳಿದ ಮೇಲೆ ಕೆಟ್ಟ ಕಂಪ್ಯೂಟರು

ಡಿಸೆಂಬರಿನಲ್ಲಿ ಶಿರಸಿಯ ಮನೆಯ ಮೆತ್ತಿನ ಕೋಣೆಯಲ್ಲಿ ಕುಳಿತು ನನ್ನ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಿದಾಗ, ಅಂದರೆ ಕಾರ್ಖಾನೆ ಇಟ್ಟ ವೇಗಕ್ಕಿಂತ ಮೇಲೆ ಏರಿಸಿದಾಗ, ಅದು ರಾತ್ರಿಯಿಡೀ ಎಂಟು ತಾಸು ಪೂರ್ಣ ಹೊರೆ ಹೊತ್ತು ಓಡಿಯೂ ಒಮ್ಮೆಯಾದರೂ ತಪ್ಪಿರಲಿಲ್ಲ. ಅದೇ ಯಂತ್ರವು ಮಾರ್ಚಿನಲ್ಲಿ ನನ್ನ ವರ್ಗಾವಣೆಯ ಸಾಮಾನುಗಳ ಜೊತೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ, ಕಾರವಾರದ ಕೋಡಿಬಾಗದ ಬಾಡಿಗೆ ಮನೆಯನ್ನು ಸೇರಿದ ಮೇಲೆ ದಿನಕ್ಕೆ ಎರಡು ಮೂರು ಸಲ ಕ್ರ್ಯಾಶ್ ಆಗತೊಡಗಿತು. ಒಂದೇ ಕಾಯಿಲೆ ಎಂದು ನಾನು ಹಿಡಿದುಕೊಂಡಿದ್ದು ಮೂರು ಬೇರೆ ಬೇರೆ ಕಾಯಿಲೆಗಳಾಗಿದ್ದವು ಎಂಬುದು ತಿಳಿಯುವಷ್ಟರಲ್ಲಿ ಏಪ್ರಿಲ್ ತಿಂಗಳು ಪೂರ್ತಿ ಕಳೆದಿತ್ತು.

ಯಂತ್ರದಲ್ಲಿರುವುದು ಎಎಂಡಿ ರೈಜೆನ್ 5 3600, ಅಂದರೆ 2019ರ ಜುಲೈನಲ್ಲಿ ಬಂದ, ಆರು ಕೋರ್‌ಗಳ, 65 ವ್ಯಾಟ್ ವರ್ಗದ ಪ್ರೊಸೆಸರ್. ಅದರ ಮೂಲ ವೇಗ 3.6 ಗಿಗಾಹರ್ಟ್ಸ್, ಹೊರೆ ಕಡಿಮೆಯಿದ್ದಾಗ ತಾನಾಗಿಯೇ 4.2ರವರೆಗೆ ಏರುತ್ತದೆ. ನಾನು ಬಯಾಸ್‌ಗೆ, ಅಂದರೆ ವಿಂಡೋಸಿಗೂ ಮೊದಲು ಸಿಗುವ ಮೂಲ ಸೆಟ್ಟಿಂಗಿನ ಪರದೆಗೆ, ಹೋಗಿ ಆರೂ ಕೋರ್‌ಗಳನ್ನು 1.35 ವೋಲ್ಟ್‌ನಲ್ಲಿ 4.3ಕ್ಕೆ ಕಟ್ಟಿಹಾಕಿದ್ದೆ. ಎರಡು ಎಂಟು ಜಿಬಿ ರ‍್ಯಾಮ್ ಕಡ್ಡಿಗಳು ಎಕ್ಸ್‌ಎಂಪಿ ಪ್ರೊಫೈಲಿನಲ್ಲಿ, ಅಂದರೆ ಕಡ್ಡಿ ತಯಾರಿಸಿದವರೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗಿನಲ್ಲಿ, 3200ರ ವೇಗದಲ್ಲಿ ಓಡುತ್ತಿದ್ದವು. ಇದೆಲ್ಲ ಆಟಕ್ಕೆಂದು ಮಾಡಿದ್ದಲ್ಲ. ಮನೆಯಲ್ಲಿರುವ ಹಳೆಯ ಯಕ್ಷಗಾನದ ವಿಡಿಯೊ ಟೇಪುಗಳನ್ನು ಡಿಜಿಟಲ್‌ಗೆ ಇಳಿಸಿ ಸಂಕುಚಿಸುವ ಕೆಲಸ ನನ್ನದು. ಬೆಳಗಿನವರೆಗೆ ನಡೆದ ಒಂದು ಆಟವನ್ನು ಎನ್‌ಕೋಡ್ ಮಾಡುವಾಗ ಪ್ರತಿ ತಾಸಿಗೆ ಮೂರು ನಿಮಿಷ ಉಳಿದರೂ ಉಳಿಯಿತು ಎಂಬ ಲೆಕ್ಕಾಚಾರ ನನ್ನದಾಗಿತ್ತು.

ಮೊದಲ ವಾರ ನಾನು ಮಾಡಿದ್ದೆಲ್ಲ ತಪ್ಪೇ. ಕ್ರ್ಯಾಶ್ ಆದಾಗಲೆಲ್ಲ ವೋಲ್ಟೇಜನ್ನು ಒಂದು ಮೆಟ್ಟಿಲು ಏರಿಸಿದೆ, ಜೊತೆಗೆ ಡ್ರೈವರ್ ಬದಲಿಸಿದೆ, ಅದೇ ದಿನ ವಿಂಡೋಸ್ ಅಪ್‌ಡೇಟನ್ನೂ ಹಾಕಿದೆ. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ಹೇಳುವವರು ಯಾರು? ಕೊನೆಗೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಕ್ರ್ಯಾಶಿನ ಹೊತ್ತು, ಆಗ ನಡೆಯುತ್ತಿದ್ದ ಕೆಲಸ, ಕೋಣೆಯ ತಾಪ, ಪರದೆಯ ಮೇಲೆ ಕಂಡದ್ದು, ಇವಿಷ್ಟನ್ನು ಬರೆಯತೊಡಗಿದೆ. ನೀಲಿ ಪರದೆ ಓದುವ ಮೊದಲೇ ಮಾಯವಾಗದಿರಲೆಂದು ವಿಂಡೋಸ್‌ನ ಸ್ಟಾರ್ಟಪ್ ಅಂಡ್ ರಿಕವರಿ ಕಿಟಕಿಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯ ಗುರುತನ್ನು ತೆಗೆದುಹಾಕಿದೆ.

ಹತ್ತು ದಿನಗಳ ಬರಹವನ್ನು ವಿಂಡೋಸ್ ತಾನೇ ಬರೆದಿಡುವ ಈವೆಂಟ್ ವ್ಯೂವರ್‌ನ ದಾಖಲೆಯ ಜೊತೆ ಹೋಲಿಸಿದಾಗ ಗಂಟು ಸಡಿಲವಾಯಿತು. ಎಲ್ಲರನ್ನೂ ಹೆದರಿಸುವ ಕರ್ನಲ್ ಪವರ್ 41 ಎಂಬ ನಮೂದು ವಾಸ್ತವದಲ್ಲಿ ಯಾವ ಕಾರಣವನ್ನೂ ಹೇಳುವುದಿಲ್ಲ. ಕಂಪ್ಯೂಟರು ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಎದ್ದಿದೆ ಎಂದಷ್ಟೇ ಅದರ ಅರ್ಥ. ಅದರ ಆಚೀಚೆ ಏನಿದೆ ಎಂಬುದೇ ಮುಖ್ಯ. ಮಧ್ಯಾಹ್ನದ ಕೆಲವು ಕ್ರ್ಯಾಶ್‌ಗಳ ಜೊತೆ ವಿಯಾ ಲಾಗರ್ 18 ಎಂಬ ನಮೂದು ಇತ್ತು. ಅದು ಪ್ರೊಸೆಸರಿನ ಒಳಗಿನ ತಪ್ಪನ್ನು ಸೂಚಿಸುತ್ತದೆ, ಯಾವ ಕೋರ್ ಎಂಬುದರ ಸುಳಿವನ್ನೂ ಕೊಡುತ್ತದೆ. ಇನ್ನು ಕೆಲವಕ್ಕೆ ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ ನೀಲಿ ಪರದೆ ಬಂದಿತ್ತು, ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ಉಳಿದವು ಯಾವ ಕುರುಹನ್ನೂ ಬಿಡದೆ ತಟ್ಟನೆ ಆರಿಹೋದವು.

ಎಲ್ಲಕ್ಕಿಂತ ಮೊದಲು ಬಯಾಸನ್ನು ಕಾರ್ಖಾನೆಯ ಸ್ಥಿತಿಗೆ ತಂದೆ. ರ‍್ಯಾಮ್ ಕೂಡ 1.2 ವೋಲ್ಟ್, 2666ಕ್ಕೆ ಇಳಿಯಿತು. ಹಾಗಿದ್ದೂ ಎರಡನೆಯ ದಿನ ಸಂಜೆ ಮೆಮೊರಿಯ ನೀಲಿ ಪರದೆ ಕಾಣಿಸಿಕೊಂಡಿತು. ಓವರ್‌ಕ್ಲಾಕ್ ಇಲ್ಲದೆಯೂ ಬೀಳುವ ಯಂತ್ರದ ಮೇಲೆ ಓವರ್‌ಕ್ಲಾಕ್ ಪರೀಕ್ಷೆ ಮಾಡುತ್ತ ಕೂರುವುದು ವ್ಯರ್ಥ ಎಂದು ಅಲ್ಲಿಗೆ ಖಾತ್ರಿಯಾಯಿತು. ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿದಾಗ ಮೊದಲ ಸುತ್ತಿನಲ್ಲಿಯೇ ತಪ್ಪು ತೋರಿಸುವ ಕೆಂಪು ಸಾಲುಗಳು ಬಂದವು. ಕಡ್ಡಿಗಳನ್ನು ತೆಗೆಯಲು ಹೋದರೆ ಒಂದರ ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸುಕು ಪೊರೆಯೂ ಇತ್ತು. ಘಟ್ಟದ ತಿರುವುಗಳಲ್ಲಿ ಕುಲುಕಿದ್ದು, ಆಮೇಲೆ ಸಮುದ್ರದ ಉಪ್ಪುಗಾಳಿಗೆ ತೆರೆದಿಟ್ಟ ಕಿಟಕಿಯ ಬಳಿ ತಿಂಗಳು ಕಳೆದದ್ದು, ಎರಡೂ ಸೇರಿ ಹೀಗಾಗಿರಬೇಕು. ರಬ್ಬರಿನಿಂದ ಉಜ್ಜುವ ಪದ್ಧತಿ ನಮ್ಮಲ್ಲಿ ಎಲ್ಲ ಕಡೆ ಇದೆ. ಆ ಲೇಪನ ಬಹಳ ತೆಳುವಾದದ್ದರಿಂದ ನನಗೆ ಅದು ಹಿಡಿಸುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಲು ಬಿಟ್ಟು, ಎರಡೂ ಕಡೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ನಾಲ್ಕು ಸುತ್ತು ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ. ಎಕ್ಸ್‌ಎಂಪಿ ಹಾಕಿ ಮತ್ತೆ ನಾಲ್ಕು ಸುತ್ತು ಓಡಿಸಿದರೂ ಸ್ವಚ್ಛವಾಗಿತ್ತು.

ಇನ್ನು ಪ್ರೊಸೆಸರಿನ ಸರದಿ. ಶಿರಸಿಯ ರಾತ್ರಿಯಲ್ಲಿ ಕೋಣೆಯ ತಾಪ 17 ಡಿಗ್ರಿ ಇದ್ದಾಗ ಚಿಪ್ಪು 71ರಲ್ಲಿ ನಿಂತಿತ್ತೆಂದು ನನ್ನ ಹಳೆಯ ಟಿಪ್ಪಣಿಯಲ್ಲಿದೆ. ಕೋಡಿಬಾಗದ ಮಧ್ಯಾಹ್ನ, ಕೋಣೆ 33 ಡಿಗ್ರಿ ಇದ್ದಾಗ, ಅದೇ ಸೆಟ್ಟಿಂಗಿನಲ್ಲಿ 89. ಫ್ಯಾನು ಮಾಡುವುದು ಚಿಪ್ಪಿನ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುವ ಕೆಲಸವನ್ನು ಮಾತ್ರ. ಆದ್ದರಿಂದ ಕೋಣೆ ಎಷ್ಟು ಡಿಗ್ರಿ ಏರಿತೋ ಅಷ್ಟೂ ನೇರವಾಗಿ ಚಿಪ್ಪಿನ ತಲೆಗೆ ಬರುತ್ತದೆ, ಬಿಸಿಯಾದ ಸಿಲಿಕಾನಿನಲ್ಲಿ ಸೋರುವ ವಿದ್ಯುತ್ತು ಹೆಚ್ಚಾಗುವುದರಿಂದ ಅದರ ಮೇಲೆ ಇನ್ನೆರಡು ಡಿಗ್ರಿ ಸೇರುತ್ತದೆ. ಈ ಪ್ರೊಸೆಸರಿಗೆ ಕಂಪನಿ ಹೇಳಿರುವ ಗರಿಷ್ಠ ತಾಪ 95, ನಾನಿನ್ನೂ ಅದರ ಒಳಗೇ ಇದ್ದೇನಲ್ಲ ಎಂದು ಸಮಾಧಾನ ಪಟ್ಟುಕೊಂಡದ್ದೇ ನನ್ನ ಮುಖ್ಯ ತಪ್ಪು. ಆ ಅಂಕಿ ಕಾರ್ಖಾನೆಯ ವೇಗಕ್ಕೆ ಕೊಟ್ಟ ಭರವಸೆ. 4.3ರ ವೇಗವನ್ನು 71 ಡಿಗ್ರಿಯಲ್ಲಿ 1.35 ವೋಲ್ಟ್ ಹಿಡಿದಿಟ್ಟಿತು ಎಂದ ಮಾತ್ರಕ್ಕೆ 89ರಲ್ಲಿಯೂ ಹಿಡಿದಿಡಬೇಕೆಂದಿಲ್ಲ. ಅಲ್ಲಿ ಇನ್ನಷ್ಟು ವೋಲ್ಟೇಜು ಬೇಕು, ಆ ವೋಲ್ಟೇಜು ಇನ್ನಷ್ಟು ಶಾಖವನ್ನು ತರುತ್ತದೆ. ಮೊದಲ ವಾರ ನಾನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದು ಈ ಸುಳಿಯನ್ನೇ. ನಮ್ಮ ಅಮ್ಮ ಫೋನಿನಲ್ಲಿ, "ತಮಾ, ಅದಕ್ಕೂ ಶೆಕೆ ಆಗ್ತಾ ಇಕ್ಕು," ಎಂದಿದ್ದಳು, ನಾನು ನಕ್ಕಿದ್ದೆ.

ಥರ್ಮಲ್ ಪೇಸ್ಟ್ ಬದಲಿಸಿದ್ದರಿಂದ ಎರಡು ಡಿಗ್ರಿ ಇಳಿಯಿತು, ಅದರಿಂದ ಹೆಚ್ಚೇನೂ ಆಗಲಿಲ್ಲ. ಪ್ರೊಸೆಸರಿಗೆ ಭಾರೀ ಲೆಕ್ಕ ಕೊಟ್ಟು ದಣಿಸುವ ಪ್ರೈಮ್95 ತಂತ್ರಾಂಶದ ಚಿಕ್ಕ ಎಫ್‌ಎಫ್‌ಟಿ ಪರೀಕ್ಷೆಯನ್ನು ಬೇಕೆಂದೇ ಮಧ್ಯಾಹ್ನ ಎರಡು ಗಂಟೆಗೆ, ಕೋಣೆಯ ಬಾಗಿಲು ಹಾಕಿ ಓಡಿಸಿದೆ. ಹನ್ನೊಂದನೆಯ ನಿಮಿಷಕ್ಕೆ ನಾಲ್ಕನೆಯ ವರ್ಕರ್, ಅಂದರೆ ಲೆಕ್ಕದ ಒಂದು ಪಾಲನ್ನು ಮಾಡುವ ಘಟಕ, ನಿಂತುಹೋಯಿತು: ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು ಎಂಬ ಸಂದೇಶ. ಈ ತಂತ್ರಾಂಶ ಮೂಲತಃ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ್ದು. ತನ್ನ ಗುಣಾಕಾರವನ್ನು ತಾನೇ ಪರಿಶೀಲಿಸಿಕೊಳ್ಳುವುದರಿಂದ ಪ್ರೊಸೆಸರಿನ ತಪ್ಪು ಲೆಕ್ಕ ಅದರ ಕೈಗೆ ಬೇಗ ಸಿಕ್ಕಿಬೀಳುತ್ತದೆ. ಕಂಪ್ಯೂಟರು ಬೀಳಲಿಲ್ಲ, ನೀಲಿ ಪರದೆ ಬರಲಿಲ್ಲ, ಲೆಕ್ಕ ಮಾತ್ರ ತಪ್ಪಿತ್ತು. ಕ್ರ್ಯಾಶಿಗಿಂತ ಇದು ನನ್ನನ್ನು ಹೆಚ್ಚು ಕಂಗೆಡಿಸಿತು.

4.1 ಗಿಗಾಹರ್ಟ್ಸ್, 1.25 ವೋಲ್ಟ್‌ಗೆ ಇಳಿಸಿದಾಗ ಅದೇ ಬಾಗಿಲು ಹಾಕಿದ ಕೋಣೆಯಲ್ಲಿ ತಾಪ 77ರಲ್ಲಿ ನಿಂತಿತು, ಆರು ತಾಸು ಯಾವ ವರ್ಕರೂ ನಿಲ್ಲಲಿಲ್ಲ. ಪ್ರೊಸೆಸರ್ ಉಣ್ಣುವ ವಿದ್ಯುತ್ತು ವೇಗಕ್ಕೆ ಮತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 4.1ರಿಂದ 4.3ಕ್ಕೆ ಹೋಗಿ ಶೇಕಡಾ 5ರಷ್ಟು ವೇಗ ಪಡೆಯಲು ನಾನು ಶೇಕಡಾ 22ರಷ್ಟು ಹೆಚ್ಚು ವಿದ್ಯುತ್ತು ತೆರುತ್ತಿದ್ದೆ. ಈ ಲೆಕ್ಕವನ್ನು ಡಿಸೆಂಬರಿನಲ್ಲಿಯೇ ಮಾಡಬಹುದಿತ್ತು.

ಮೂರನೆಯ ಕಾಯಿಲೆ, ಅಂದರೆ ತಟ್ಟನೆ ಆರಿಹೋಗುವುದು, ಅದಾದ ಮೇಲೂ ಉಳಿಯಿತು. ನೋಟ್‌ಬುಕ್ಕಿನ ಪ್ರಕಾರ ಅದು ಕರೆಂಟು ಹೋದ ಕ್ಷಣದಲ್ಲಿ, ಅದರಲ್ಲೂ ಎನ್‌ಕೋಡ್ ನಡೆಯುತ್ತಿದ್ದಾಗ ಮಾತ್ರ ಆಗುತ್ತಿತ್ತು; ಸುಮ್ಮನೆ ತೆರೆದಿಟ್ಟ ಯಂತ್ರ ಅದೇ ಕ್ಷಣವನ್ನು ದಾಟಿಕೊಳ್ಳುತ್ತಿತ್ತು. ಎಟಿಎಕ್ಸ್ ಮಾನದಂಡದ ಪ್ರಕಾರ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಪೆಟ್ಟಿಗೆ, ಕರೆಂಟು ತಪ್ಪಿದಾಗ ತನ್ನ ಕೆಪಾಸಿಟರಿನ ಸಂಗ್ರಹದಿಂದ ಸುಮಾರು 16 ಮಿಲಿಸೆಕೆಂಡು ತಡೆದುಕೊಳ್ಳಬೇಕು, ಹೊರೆ ಕಡಿಮೆಯಿದ್ದಷ್ಟೂ ಹೆಚ್ಚು ತಡೆದುಕೊಳ್ಳುತ್ತದೆ. ಬಾಡಿಗೆ ಮನೆಯ ಇನ್ವರ್ಟರನ್ನು ನೋಡಿದರೆ ಅದರ ಹಿಂದಿನ ಸ್ವಿಚ್ಚು ನಾರ್ಮಲ್ ಕಡೆಗಿತ್ತು, ಅಂದರೆ ಕರೆಂಟು ಹೋದಾಗ ಅದು ಬ್ಯಾಟರಿಗೆ ನಿಧಾನವಾಗಿ ಬದಲಾಗುತ್ತಿತ್ತು. ಫ್ಯಾನು, ದೀಪಗಳಿಗೆ ಆ ನಿಧಾನ ಸಾಕು, ಕಂಪ್ಯೂಟರಿಗೆ ಸಾಲದು. ಬೇಗ ಬದಲಾಗುವ ಯುಪಿಎಸ್ ಕಡೆಗೆ ತಳ್ಳಿದೆ. ಎರಡು ಸೆಕೆಂಡಿನ ಕೆಲಸ, ಅದಕ್ಕೆ ನಾಲ್ಕು ವಾರ.

ಮೇ ತಿಂಗಳು ಮುಗಿಯುವವರೆಗೆ ಯಂತ್ರ ಮತ್ತೆ ಬೀಳಲಿಲ್ಲ. ಆದರೆ ಆ ತಪ್ಪು ಲೆಕ್ಕದ ಭಯ ಹೋಗಿರಲಿಲ್ಲವಾದ್ದರಿಂದ, ಮಾರ್ಚಿನಿಂದೀಚೆ ನಕಲು ಮಾಡಿದ ಕಡತಗಳ ಹ್ಯಾಶ್ ಸಂಖ್ಯೆಗಳನ್ನು (ಕಡತ ಚೂರು ಬದಲಾದರೂ ಬೇರೆಯಾಗುವ, ಬೆರಳಚ್ಚಿನಂಥ ಸಂಖ್ಯೆಗಳು) ಶಿರಸಿಯಲ್ಲಿರುವಾಗ ಬರೆದಿಟ್ಟ ಸಂಖ್ಯೆಗಳ ಜೊತೆ ತಾಳೆ ನೋಡಿದೆ. ಮೂರು ಕಡತಗಳು ಹೊಂದಲಿಲ್ಲ. ತೆರೆದರೆ ಎರಡು ಚೆನ್ನಾಗಿಯೇ ಓಡುತ್ತವೆ. ಒಂದರಲ್ಲಿ ಮಾತ್ರ ಭಾಗವತರ ಪದ್ಯದ ನಡುವೆ ಚಿತ್ರ ಅರೆಕ್ಷಣ ಚೂರುಚೂರಾಗಿ ಮತ್ತೆ ಕೂಡಿಕೊಳ್ಳುತ್ತದೆ. ಮೂಲ ಟೇಪುಗಳು ಶಿರಸಿಯ ಮನೆಯ ಕಪಾಟಿನಲ್ಲಿವೆ, ಜೂನಿನ ಮಳೆ ಹಿಡಿದು ಅವಕ್ಕೆ ಬೂಷ್ಟು ಬರುವ ಮೊದಲು ಹೋಗಿ ತರಬೇಕಾಗಿದೆ.