ಫೆಬ್ರವರಿಯ ಲೆಕ್ಕ, ಆಟಿಯ ಮಳೆ

ಮಂಗಳೂರು, 25 ಜುಲೈ 2024, ಗುರುವಾರ

ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ಏಳಕ್ಕೂ ನಿಂತಿರಲಿಲ್ಲ. ಆಟಿ, ನಮ್ಮ ತುಳುವರ ಮಳೆಗಾಲದ ತಿಂಗಳು, ಅಂದರೆ ಹಾಗೇ ಅಲ್ವಾ. ಒಗೆದು ಮೂರು ದಿನವಾದ ಪ್ಯಾಂಟು ಇನ್ನೂ ಹಸಿ. ಅದನ್ನೇ ಹಾಕಿಕೊಂಡು, ಸ್ಟಾಪ್‌ವಾಚನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಗೇರುಬೀಜ ಫ್ಯಾಕ್ಟರಿಗೆ ಹೊರಟೆ. ಯಾವ ಫ್ಯಾಕ್ಟರಿ ಅಂತ ಹೇಳುವುದಿಲ್ಲ. ಇವತ್ತಿನ ಕಥೆಯಲ್ಲಿ ತಪ್ಪು ಅವರದ್ದಕ್ಕಿಂತ ನನ್ನದೇ ಜಾಸ್ತಿ.

ನನ್ನ ಕೆಲಸ ಎಂಥದ್ದು ಅಂತ ಅಮ್ಮನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ಬೇರೆಯವರು ಕೆಲಸ ಮಾಡುವುದನ್ನು ನೋಡುವ ಕೆಲಸ" ಅಂತ ನೆಂಟರಿಗೆ ಹೇಳುತ್ತಾಳೆ. ಸುಳ್ಳೇನಲ್ಲ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೆದು, ದಿನಕ್ಕೆ ಎಷ್ಟು ಕೇಳಿದರೆ ನ್ಯಾಯ ಅಂತ ಹೇಳಬೇಕು. ಆ ಹೊತ್ತಿಗೆ ಸ್ಟ್ಯಾಂಡರ್ಡ್ ಟೈಮ್ ಅನ್ನುತ್ತಾರೆ.

ಕಳೆದ ಫೆಬ್ರವರಿಯಲ್ಲಿ ಇದೇ ಫ್ಯಾಕ್ಟರಿಯ ಪೀಲಿಂಗ್ ಹಾಲ್‌ನಲ್ಲಿ, ಅಂದರೆ ಬೀಜದ ಸಿಪ್ಪೆ ಸುಲಿಯುವಲ್ಲಿ, ನಾಲ್ಕು ದಿನ ಕೂತು ಅಳೆದಿದ್ದೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಪೀಲಿಂಗಿಗೆ ಮೆಷಿನ್ ಬಂದಿದೆ. ಇಲ್ಲಿ ಕೈಯೇ. ನಾನು ಕೊಟ್ಟ ಲೆಕ್ಕ ಒಬ್ಬರಿಗೆ ದಿನಕ್ಕೆ 12 ಕೆಜಿ. ಮಾರ್ಚಿನಿಂದ ಅದನ್ನು ಹಾಲಿನ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದು ಹಾಕಿದ್ದಾರೆ. 12 ದಾಟಿದರೆ ಇನ್ಸೆಂಟಿವ್. ಮೇ ತನಕ ಎಲ್ಲ ಸರಿಯಿತ್ತು. ಜೂನ್ ಕಳೆಯುವಷ್ಟರಲ್ಲಿ 12 ಮುಟ್ಟುವವರೇ ಇಲ್ಲ. ಆಫೀಸಿನಿಂದ ಫೋನ್ ಬಂತು. "ಮಳೆಗಾಲ ಶುರುವಾದ ಮೇಲೆ ಹೆಂಗಸರಿಗೆ ಉದಾಸೀನ. ಬಂದು ಒಮ್ಮೆ ನೋಡಿ."

ಹಾಗೆ ನೋಡಲಿಕ್ಕೆ ಹೋದದ್ದು.

ಕಿಟಕಿ ಪಕ್ಕ ಕೂರುವ ಅಕ್ಕನ ಹತ್ತಿರವೇ ಸ್ಟೂಲ್ ಹಾಕಿಕೊಂಡೆ. ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡಿದವರು. ನನ್ನನ್ನು ಕಂಡದ್ದೇ ನಕ್ಕರು. "ಬಂದ್ರಾ ಸರ್? ಗಡಿಯಾರ ತಂದಿದ್ದೀರಲ್ಲ?"

ಫೆಬ್ರವರಿಯಲ್ಲಿ ಅವರ ಕೈ ನೋಡುವುದೇ ಒಂದು ಚಂದವಾಗಿತ್ತು. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಬೀಜ ಹಿಡಿದು ಒಂದು ಸಲ ಒತ್ತಿ ಹೊರಳಿಸಿದರೆ ಕೆಂಪು ಸಿಪ್ಪೆ ತಾನಾಗಿ ಉದುರುತ್ತಿತ್ತು. ಚೂರಿ ಬೇಕಾಗುತ್ತಿದ್ದದ್ದು ಎಲ್ಲೋ ಒಂದೊಂದಕ್ಕೆ. ಇವತ್ತು ಹಾಗಿಲ್ಲ. ಒತ್ತಿದರು, ಸಿಪ್ಪೆ ಬರಲಿಲ್ಲ. ಇನ್ನೊಮ್ಮೆ ಒತ್ತಿದರು, ಬೆನ್ನಿನ ಮೇಲಿನದ್ದು ಮಾತ್ರ ಬಂತು. ಒಳಬಾಗಿದ ಕಡೆ ಅಂಟಿಕೊಂಡೇ ಇದೆ. ಸಣ್ಣ ಚೂರಿಯ ತುದಿಯಲ್ಲಿ ಮೆಲ್ಲಗೆ ಕೆರೆದರು. ಜೋರು ಮಾಡಿದರೆ ಬೀಜಕ್ಕೆ ಗಾಯ. ಇನ್ನೂ ಜೋರಾದರೆ ಎರಡು ಹೋಳು. ಇಡೀ ಬೀಜಕ್ಕೆ ಇರುವ ಬೆಲೆ ಹೋಳಿಗೆ ಇಲ್ಲ. ತೂಕ ಕಮ್ಮಿಯಾದರೂ ಬೈಗುಳ, ಹೋಳು ಜಾಸ್ತಿಯಾದರೂ ಬೈಗುಳ.

"ನೋಡಿ, ಸಿಪ್ಪೆ ಚರ್ಮದ ಹಾಗೆ ಉಂಟು. ಇದಕ್ಕೆ ಉದಾಸೀನ ಅಂತ ಹೆಸರು" ಅಂದರು.

ನೂರು ಬೀಜಕ್ಕೆ ಒಮ್ಮೆ ವಾಚ್ ನೋಡಿ ಬರೆಯುವುದು ಅಂತ ಇಟ್ಟುಕೊಂಡಿದ್ದೇನೆ. ನಮ್ಮ ವಾಚಿನಲ್ಲಿ ಒಂದು ನಿಮಿಷಕ್ಕೆ ನೂರು ಭಾಗ, ಕೂಡಿಸಿ ಕಳೆಯಲು ಸುಲಭ. ಫೆಬ್ರವರಿಯ ಸರಾಸರಿ 5.20 ನಿಮಿಷ. ಇವತ್ತಿನ ಸರಾಸರಿ 6.50.

ಇಷ್ಟೇ ಆದರೆ ವಾಚ್ ಇದ್ದ ಯಾರು ಬೇಕಾದರೂ ಮಾಡಬಹುದು. ಮುಂದಿನದ್ದೇ ರಗಳೆ. ನೋಡುತ್ತಿರುವವರ ವೇಗ ಸಾಧಾರಣವೋ, ಜೋರೋ, ನಿಧಾನವೋ ಅಂತ ನಾನು ಒಂದು ಅಂಕಿ ಹಾಕಬೇಕು. ಅದು ರೇಟಿಂಗ್. 100 ಅಂದರೆ ಕೆಲಸ ಗೊತ್ತಿರುವವರು, ಮನಸ್ಸಿಟ್ಟು, ದಿನವಿಡೀ ಸುಸ್ತಾಗದೆ ಮಾಡಬಹುದಾದ ವೇಗ. ಕಣ್ಣಿಗೆ ಅಭ್ಯಾಸ ಆಗಲಿ ಅಂತ ಡಿಪ್ಲೊಮಾದಲ್ಲಿ ನಮಗೆ ಇಸ್ಪೀಟು ಹಂಚಿಸುತ್ತಿದ್ದರು. 52 ಎಲೆಗಳನ್ನು ನಾಲ್ಕು ಪಾಲು ಮಾಡಿ 22.5 ಸೆಕೆಂಡಿನಲ್ಲಿ ಹಂಚಿದರೆ 100. ಕಾಲೇಜಿನಲ್ಲಿ ಮೇಷ್ಟ್ರ ಎದುರೇ ಇಸ್ಪೀಟು ಹಿಡಿದ ಪುಣ್ಯವಂತರು ನಾವು. ನಡಿಗೆಯಲ್ಲಾದರೆ ಗಂಟೆಗೆ 6.4 ಕಿಲೋಮೀಟರ್, ಅಂದರೆ ಒಂದು ಕಿಲೋಮೀಟರಿಗೆ ಒಂಬತ್ತು ನಿಮಿಷ ಚಿಲ್ಲರೆ. ಪಣಂಬೂರು ಬೀಚಿನಲ್ಲಿ ಬೆಳಿಗ್ಗೆ ಬಿಪಿಯವರು ನಡೆಯುತ್ತಾರಲ್ಲ, ಸುಮಾರು ಹಾಗೆ. ದಸರಾ ರಾತ್ರಿ ಕುದ್ರೋಳಿ ದೇವಸ್ಥಾನದ ಕಡೆಯ ಜನಜಂಗುಳಿಯಲ್ಲಿ ಯಾರಿಗೂ 100 ಬರುವುದಿಲ್ಲ.

ಬೀಜ ಸುಲಿಯುವ ಕೈಗೆ ಅಂಥ ಅಳತೆಕೋಲು ಇಲ್ಲ. ನನ್ನ ಕಣ್ಣೇ ಗತಿ. ಫೆಬ್ರವರಿಯಲ್ಲಿ 95 ಹಾಕಿದ್ದೆ. ವಾಚ್ ಕಂಡಾಗ ಕೈಯ ವೇಗ ಸ್ವಲ್ಪ ಕಮ್ಮಿ ಆಗುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಇವತ್ತೂ ನೋಡಿ ನೋಡಿ 95ನ್ನೇ ಹಾಕಿದೆ. ಆಫೀಸಿನವರು ಹೇಳಿದ ಉದಾಸೀನ ನಿಜವಾದರೆ 75 ಹಾಕಬೇಕಿತ್ತು. 75 ಹಾಕಿದ್ದರೆ ಲೆಕ್ಕ ಮತ್ತೆ 12 ಕೆಜಿಗೇ ಬಂದು ಕೂರುತ್ತಿತ್ತು, ಎಲ್ಲರಿಗೂ ಸಮಾಧಾನ. ಒಂದು ಅಂಕಿ, ಪೆನ್ಸಿಲಿನಲ್ಲಿ ಬರೆದದ್ದು. ಕೇಳುವವರು ಯಾರು? ಈ ಕೆಲಸದಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಜಾಗ ಇದೊಂದೇ.

ಆದರೆ ಕೈ ನಿಧಾನ ಆಗಿರಲಿಲ್ಲ. ಒಂದು ಬೀಜಕ್ಕೆ ಒತ್ತುವುದು ಮೂರು ಸಲ, ಕೆರೆಯುವುದು ಎರಡು ಸಲ ಆಗಿತ್ತು. ಕೆಲಸವೇ ಬೇರೆ.

ಲೆಕ್ಕ ಹೀಗೆ. ಫೆಬ್ರವರಿಯದ್ದು: 5.20ನ್ನು 95ರಿಂದ ಗುಣಿಸಿ 100ರಿಂದ ಭಾಗಿಸಿದರೆ 4.94 ನಿಮಿಷ. ಅದಕ್ಕೆ ಅಲೋವೆನ್ಸ್, ಅಂದರೆ ಆಯಾಸಕ್ಕೆ, ಸ್ವಂತ ಅಗತ್ಯಕ್ಕೆ ಬಿಡುವ ಹೊತ್ತು, ಶೇಕಡ 15 ಸೇರಿಸಿದರೆ 5.68. ಅಳೆದದ್ದು 320ರ ಸೈಜಿನ ಬೀಜ, ಅಂದರೆ ಒಂದು ಪೌಂಡಿಗೆ 320, ಕೆಜಿಗೆ ಸುಮಾರು 700. ಹಾಗಾಗಿ ಕೆಜಿಗೆ 40 ನಿಮಿಷ, ಎಂಟು ಗಂಟೆಗೆ 12 ಕೆಜಿ. ಇವತ್ತಿನದ್ದು ಅದೇ ದಾರಿಯಲ್ಲಿ ಹೋದರೆ ನೂರಕ್ಕೆ 7.10, ಕೆಜಿಗೆ 50 ನಿಮಿಷ. ದಿನಕ್ಕೆ ಒಂಬತ್ತೂವರೆ ಕೆಜಿ ದಾಟಿದರೆ ಹೆಚ್ಚು. ಆ ಅಕ್ಕನ ನಿನ್ನೆಯ ತೂಕ ನೋಡಿದೆ, 9.8. ಅವರನ್ನೇ ಉದಾಸೀನದ ಪಟ್ಟಿಯಲ್ಲಿ ಹಾಕಿದ್ದರು.

ಚಾ ಹೊತ್ತಿಗೆ ಅವರು ಇನ್ನೊಂದು ಹೇಳಿದರು. "ಆವಾಗಲೇ ನಿಮ್ಮತ್ರ ಹೇಳಿದ್ದೆ ಸರ್, ಮಳೆಗಾಲದಲ್ಲಿ ಒಮ್ಮೆ ಬನ್ನಿ ಅಂತ."

ನನಗೆ ನೆನಪೇ ಇರಲಿಲ್ಲ. ಬ್ಯಾಗಿನಿಂದ ಹಳೆಯ ಸ್ಟಡಿ ಶೀಟ್ ತೆಗೆದು ನೋಡಿದೆ. ಮೂರನೇ ಹಾಳೆಯ ಅಂಚಿನಲ್ಲಿ ನನ್ನದೇ ಕೈಬರಹ: "ಮಳೆ?" ಅಷ್ಟೇ. ಬರೆದು, ಪ್ರಶ್ನೆ ಚಿಹ್ನೆ ಹಾಕಿ, ಮರೆತಿದ್ದೆ. ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇಲ್ಲ. ಐದು ತಿಂಗಳು ಅದು ನನ್ನ ಬ್ಯಾಗಿನಲ್ಲೇ ಇತ್ತು. ಅಲ್ಲಿ ಬೋರ್ಡಿನ ಮೇಲೆ 12.

ಅಲೋವೆನ್ಸ್ ಬಗ್ಗೆಯೂ ಒಂದು ಮಾತು. ಐಎಲ್‌ಒ, ಅಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ, ಪುಸ್ತಕದ ಪಟ್ಟಿಯಲ್ಲಿ ಸ್ವಂತ ಅಗತ್ಯಕ್ಕೆ ಗಂಡಸರಿಗೆ ಶೇಕಡ 5, ಹೆಂಗಸರಿಗೆ 7, ಮೂಲ ಆಯಾಸಕ್ಕೆ ಇಬ್ಬರಿಗೂ 4. ನಾನು ಅದನ್ನೇ ತೆಗೆದುಕೊಂಡು, ಸೂಕ್ಷ್ಮ ಕೆಲಸ, ಒಂದೇ ಕೆಲಸದ ಬೇಸರ ಅಂತ ಇನ್ನೊಂದು 4 ಸೇರಿಸಿ 15 ಮಾಡಿದ್ದೆ. ಆ 7 ಅಂದರೆ ದಿನಕ್ಕೆ ಅರ್ಧ ಗಂಟೆಗೂ ಸ್ವಲ್ಪ ಕಮ್ಮಿ. ಇಲ್ಲಿ ಪಾಯಿಖಾನೆ ಇರುವುದು ಅಂಗಳದ ಆಚೆ. ಇವತ್ತು ಸುಮ್ನೆ ಗಮನಿಸಿದೆ. ಕೈ ತೊಳೆದು, ಛತ್ರಿ ಹುಡುಕಿ, ನೀರು ನಿಂತ ಕಡೆ ಸೀರೆ ಎತ್ತಿಕೊಂಡು ದಾಟಿ, ವಾಪಸ್ ಬಂದು ಕೈ ಒಣಗಿಸಿಕೊಂಡು ಕೂರಲು ಒಬ್ಬರಿಗೆ 11 ನಿಮಿಷ. ಮೂರು ಸಲ ಹೋದರೆ ಅರ್ಧ ಗಂಟೆ ಮುಗಿಯಿತು. ಒಬ್ಬ ಹುಡುಗಿ ನೀರೇ ಕುಡಿಯುವುದಿಲ್ಲವಂತೆ. ಅದನ್ನು ಯಾವ ಕಾಲಂನಲ್ಲಿ ಬರೆಯಲಿ?

ಈ ವಿದ್ಯೆಯ ಹುಟ್ಟೇ ಹಾಗೆ. ಅಮೆರಿಕದ ಫ್ರೆಡೆರಿಕ್ ಟೇಲರ್ ಇದರ ಮೂಲಪುರುಷ ಅನ್ನುತ್ತಾರೆ. 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ತುಂಡು ಹೊರುವವನು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದದ್ದನ್ನು ನಲವತ್ತೇಳೂವರೆಗೆ ಏರಿಸಿದೆ ಅಂತ ಅವನೇ ಹೇಳಿಕೊಂಡ. ಕೂಲಿ ಏರಿದ್ದು 1.15 ಡಾಲರಿನಿಂದ 1.85ಕ್ಕೆ. ಕೆಲಸ ನಾಲ್ಕು ಪಟ್ಟಿನ ಹತ್ತಿರ, ಕೂಲಿ ಎರಡು ಪಟ್ಟೂ ಇಲ್ಲ. 1911ರಲ್ಲಿ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಬೇಡ ಅಂತ ಲೋಹದ ಎರಕಕ್ಕೆ ಅಚ್ಚು ಮಾಡುವವರು ಕೆಲಸ ಬಿಟ್ಟು ಹೊರಗೆ ಬಂದರು. ಅಲ್ಲಿನ ಸಂಸತ್ತು ವಿಚಾರಣೆ ಮಾಡಿ, ಕೊನೆಗೆ ಅಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚಿಗೆ ದುಡ್ಡೇ ಕೊಡಬಾರದು ಅಂತ ಮಾಡಿತು. ವಾಚ್ ಹಿಡಿದವನನ್ನು ಕಂಡರೆ ಹಾಲಿನಲ್ಲಿ ಮಾತು ನಿಲ್ಲುವುದು ಯಾಕೆ ಅಂತ ನನಗೆ ಆಶ್ಚರ್ಯ ಇಲ್ಲ.

ನನಗೆ ಟೇಲರಿಗಿಂತ ಫ್ರಾಂಕ್ ಗಿಲ್ಬ್ರೆತ್ ಇಷ್ಟ. ಅವನೇ ಇಟ್ಟಿಗೆ ಕಟ್ಟುತ್ತಿದ್ದವನು. ಬಗ್ಗಿ ಇಟ್ಟಿಗೆ ಎತ್ತುವುದು ಯಾಕೆ, ಅಟ್ಟಣಿಗೆ ಮೇಲೆಯೇ ಇಡೋಣ ಅಂತ ಯೋಚಿಸಿ, ಒಂದು ಇಟ್ಟಿಗೆಗೆ 18 ಇದ್ದ ಚಲನೆಗಳನ್ನು 5ಕ್ಕೆ ಇಳಿಸಿದ. ಮೊದಲು ಕೆಲಸದ ದಾರಿ ಸರಿ ಮಾಡು, ಆಮೇಲೆ ವಾಚ್ ಒತ್ತು. ನಮಗೂ ಪಾಠದಲ್ಲಿ ಇದೇ ಇತ್ತು. ಫೆಬ್ರವರಿಯಲ್ಲಿ ನಾನು ಸೀದಾ ವಾಚ್ ಒತ್ತಿದ್ದೆ.

ಹಾಗಾಗಿ ಮಧ್ಯಾಹ್ನ ಬೀಜ ಎಲ್ಲಿಂದ ಬರುತ್ತದೆ ಅಂತ ಹಿಂದೆ ಹಿಂದೆ ಹೋದೆ. ಚಿಪ್ಪು ಒಡೆದ ಬೀಜವನ್ನು ಬೋರ್ಮದಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ, ಒಣಗಿಸುತ್ತಾರೆ. ಒಣಗಿದರೆ ಸಿಪ್ಪೆ ಸಡಿಲ ಆಗುತ್ತದೆ. ತೀರಾ ಒಣಗಿದರೆ ಮುಟ್ಟಿದ ಕೂಡಲೇ ಒಡೆಯುತ್ತದೆ, ಅದಕ್ಕೆ ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು. ಫೆಬ್ರವರಿಗೆ ಇದು ಸರಿ. ಆದರೆ ಇಲ್ಲಿ ಇಡೀ ದಿನಕ್ಕೆ ಬೇಕಾದ ಬೀಜವನ್ನು ಒಟ್ಟಿಗೇ ತೆಗೆದು ಹಾಲಿನ ಮೂಲೆಯಲ್ಲಿ ತೆರೆದ ಟ್ರೇಗಳಲ್ಲಿ ಇಡುತ್ತಾರೆ. ಮಳೆಗಾಲದ ಗಾಳಿ ಹೇಗಿರುತ್ತದೆ ಅಂತ ನನ್ನ ಪ್ಯಾಂಟೇ ಹೇಳುತ್ತದೆ. ಬೀಜ ನೀರು ಎಳೆದುಕೊಳ್ಳುತ್ತದೆ, ಸಿಪ್ಪೆ ಮತ್ತೆ ಅಂಟುತ್ತದೆ.

ಒಂದು ಪರೀಕ್ಷೆ ಮಾಡಿದೆ. ಬೋರ್ಮದಿಂದ ತೆಗೆದು ತಣ್ಣಗಾದದ್ದೇ ಕೊಟ್ಟ ಬೀಜ, ಅದೇ ಅಕ್ಕ, ಅದೇ ಚೂರಿ: ನೂರಕ್ಕೆ 5.35. ಮೂರು ಗಂಟೆ ತೆರೆದಿಟ್ಟದ್ದು: 6.85. ಎರಡು ಕಾಗದವನ್ನೂ ಮ್ಯಾನೇಜರ ಮೇಜಿನ ಮೇಲೆ ಇಟ್ಟೆ. ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪ ತಂದು ಕೊಡಿ, ಅಲ್ಲಿಯ ತನಕ ಬೋರ್ಡಿನಲ್ಲಿ ಒಂಬತ್ತೂವರೆ ಅಂತ ಬರೆಯಿರಿ ಅಂದೆ.

"ಮಳೆಗಾಲಕ್ಕೆ ಬೇರೆ ಲೆಕ್ಕ ಕೊಟ್ಟರೆ ನಾಳೆ ಚಳಿಗಾಲಕ್ಕೂ ಕೇಳ್ತಾರೆ ಮಾರಾಯ್ರೆ."

ಮಂಗಳೂರಿಗೆ ಚಳಿಗಾಲ ಯಾವಾಗ ಬಂತೋ ನನಗೆ ಗೊತ್ತಿಲ್ಲ. ಸಣ್ಣ ಬೀಜದ ವಿಷಯ ಎತ್ತಲು ಧೈರ್ಯ ಬರಲಿಲ್ಲ. ಆಫ್ರಿಕದಿಂದ ಬರುವ ಲೋಡಿನಲ್ಲಿ 450ರ ಸೈಜು ಬಂದರೆ ಕೆಜಿಗೆ ಸಾವಿರದ ಹತ್ತಿರ ಬೀಜ, ಸಿಪ್ಪೆ ಒಳ್ಳೆಯದಿದ್ದರೂ ಎಂಟೂವರೆ ಕೆಜಿಯೇ. ಕೆಜಿ ಲೆಕ್ಕ ಹಾಕಿದವನಿಗೆ ಅದು ಗೊತ್ತಾಗಬೇಕಿತ್ತು. ಹಾಕಿದವನು ನಾನೇ. ಸೋಮವಾರ ಹೇಳಬೇಕು.

ಬಸ್ಸಿನಲ್ಲಿ ಬರುವಾಗ ಅಮ್ಮನ ಬೀಡಿ ನೆನಪಾಯಿತು. ನಾನು ಶಾಲೆಗೆ ಹೋಗುವಾಗ ಅವಳು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ (ಮೊರ), ಪಕ್ಕದಲ್ಲಿ ರೇಡಿಯೋ. ಮಜೂರಿ ಸಾವಿರಕ್ಕೆ ಇಷ್ಟು ಅಂತ. ಹಿಂದಿನ ರಾತ್ರಿ ಎಲೆ ನೆನೆಸುವುದು, ಕತ್ತರಿಸುವುದು, ಬೀಡಿ ಕಂಪನಿಯ ಬ್ರಾಂಚಿಗೆ ಹೊತ್ತುಕೊಂಡು ಹೋಗಿ ಸಾಲಿನಲ್ಲಿ ನಿಲ್ಲುವುದು, ಚೆಕ್ಕರ್ ಎಸೆದ ಬೀಡಿಗೆ ಬದಲಾಗಿ ಮತ್ತೆ ಕಟ್ಟುವುದು, ಇದ್ಯಾವುದೂ ಸಾವಿರದಲ್ಲಿ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, "ಸಾವಿರ ಕಟ್ಟಲು ಎಷ್ಟು ಹೊತ್ತು ಬೇಕಿತ್ತು ಅಮ್ಮ?" "ಯಾರು ನೋಡಿದ್ದು? ನಿನ್ನನ್ನು ಶಾಲೆಗೆ ಕಳಿಸಿದ ಮೇಲೆ ಶುರು, ನೀನು ಮಲಗಿದ ಮೇಲೆ ಮುಗಿಯುವುದು" ಅಂದಳು.

ಒಂದು ಬರೆಯಲು ಮರೆತೆ. ಸಂಜೆ ಹೊರಡುವಾಗ ಆ ಅಕ್ಕ ವಾಚ್ ಕೇಳಿದರು. "ಒಮ್ಮೆ ನೀವು ಸುಲಿಯಿರಿ, ನಾನು ನೋಡ್ತೇನೆ." ಕೂತೆ. ಸುತ್ತ ಹತ್ತಿಪ್ಪತ್ತು ಜನ. ನೂರು ಬೀಜಕ್ಕೆ 31 ನಿಮಿಷ, ಅದರಲ್ಲಿ 14 ಹೋಳು, ಬೆರಳಿಗೆ ಒಂದು ಗಾಯ. ರೇಟಿಂಗ್ ಎಷ್ಟು ಕೊಡ್ತೀರಿ ಅಂತ ಕೇಳಿದೆ.

"ನಲವತ್ತು ಕೊಡುವಾ" ಅಂದರು. "ಅದೂ ನಿಮ್ಮ ಮುಖ ನೋಡಿ."

ನಾಳೆ ಬೋರ್ಮದವರು ಆರು ಗಂಟೆಗೆ ಬನ್ನಿ ಅಂದಿದ್ದಾರೆ, ಬೆಂಕಿ ಹಾಕುವುದರಿಂದಲೇ ನೋಡಬೇಕು. ಛತ್ರಿ ಅಲ್ಲೇ ಬಿಟ್ಟು ಬಂದಿದ್ದೇನೆ.