ಸಮುದ್ರ ದಾಟಿದ ಮಾತು ತೋಟದ ಗೇಟಿನಲ್ಲಿ ನಿಂತಾಗ

ಕಾರ್ನ್‌ವಾಲ್ ಇರುವುದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ. ಮೂರು ಕಡೆ ಸಮುದ್ರ. ವರ್ಷದ ಹೆಚ್ಚಿನ ದಿನ ಗಾಳಿ, ಮಂಜು, ಜಿಟಿಜಿಟಿ ಮಳೆ. ಕೊಡಗಿನ ಕಕ್ಕಬ್ಬೆ ಕಡೆಯಿಂದ ಬಂದವರಿಗೆ ಇದೇನೂ ಹೊಸದಲ್ಲ. ಒಗೆದ ಬಟ್ಟೆ ಒಣಗದ ಸಂಕಟ ನಮಗೆ ಹುಟ್ಟಿದಾಗಿನಿಂದ ಗೊತ್ತು. ನಾನು ಟ್ರೂರೋ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಮನೆ ಊರಾಚೆ ಒಂದು ಹಳ್ಳಿಯಲ್ಲಿ. ರಜೆಗೆ ಕೊಡಗಿಗೆ ಬಂದಾಗ ಎಲ್ಲರೂ ಕೇಳುವುದು ಒಂದೇ, "ಅಲ್ಲೆಲ್ಲ ನೆಟ್‌ವರ್ಕ್ ಫುಲ್ ಇರ್ತದಲ್ವಾ?" ಇಲ್ಲ. ನನ್ನ ಮನೆಯಲ್ಲಿ ಮಹಡಿಯ ಕಿಟಕಿ ಹತ್ತಿರ ಮಾತ್ರ ಸಿಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ.

ತಮಾಷೆ ಏನಪ್ಪಾ ಅಂದರೆ, ಒಂದು ಕಾಲಕ್ಕೆ ಅರ್ಧ ಜಗತ್ತಿನ ಸುದ್ದಿ ಹಾದುಹೋಗುತ್ತಿದ್ದದ್ದು ಇದೇ ಕಾರ್ನ್‌ವಾಲ್ ಮೂಲಕ.

ಪೆನ್ಜಾನ್ಸ್‌ನಿಂದ ಬಸ್ಸು ಹತ್ತಿದರೆ ಪೋರ್ತ್‌ಕರ್ನೋ ಎಂಬ ಪುಟ್ಟ ಕೊಲ್ಲಿ ಸಿಗುತ್ತದೆ. ಬಿಳಿ ಮರಳು, ಎರಡೂ ಕಡೆ ಕಡಿದಾದ ಬಂಡೆ. ದಂಡೆಯ ಮೇಲೆ ಒಂದು ಸಣ್ಣ ಗುಡಿಸಲಿನಂಥ ಕಟ್ಟಡವಿದೆ. ಸಮುದ್ರದ ತಳದಿಂದ ಬಂದ ಟೆಲಿಗ್ರಾಫ್ ತಂತಿಗಳು ಮೇಲೆದ್ದು ಮುಗಿಯುತ್ತಿದ್ದದ್ದು ಅದರೊಳಗೆ. 1870ರ ಜೂನ್‌ನಲ್ಲಿ ಇಲ್ಲಿಗೆ ಬಂದ ತಂತಿಯ ಇನ್ನೊಂದು ತುದಿ ಬೊಂಬಾಯಿಯಲ್ಲಿತ್ತು. ಲಿಸ್ಬನ್ ಹತ್ತಿರ, ಜಿಬ್ರಾಲ್ಟರ್, ಮಾಲ್ಟಾ, ಅಲೆಕ್ಸಾಂಡ್ರಿಯಾ, ಸೂಯೆಜ್, ಏಡನ್, ಆಮೇಲೆ ಬೊಂಬಾಯಿ. ಏಡನ್ ಮತ್ತು ಬೊಂಬಾಯಿ ನಡುವಿನ ಪಾಲನ್ನು ಹಾಕಿದ್ದು 'ಗ್ರೇಟ್ ಈಸ್ಟರ್ನ್' ಎಂಬ ಆ ಕಾಲದ ಅತಿ ದೊಡ್ಡ ಹಡಗು. ತಾಮ್ರದ ತಂತಿಗೆ ನೀರು ತಾಗದಂತೆ ಸುತ್ತಿದ್ದು ಗಟ್ಟಾಪರ್ಚಾ, ಅಂದರೆ ಮಲಯ ಕಡೆಯ ಕಾಡುಮರದ ಹಾಲು.

ಈಗ ಅಲ್ಲೊಂದು ಮ್ಯೂಸಿಯಂ ಇದೆ. ಸುರಂಗದೊಳಗೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ, ಇಲ್ಲಿನ ತವರದ ಗಣಿಯವರಿಂದ ಬಂಡೆ ಕೊರೆಸಿ ಇಡೀ ತಂತಿ ಕಚೇರಿಯನ್ನು ಒಳಗೆ ಸಾಗಿಸಿದರಂತೆ. (ಕಾರ್ನ್‌ವಾಲಿನ ಗಣಿಯವರು ನಮಗೆ ಹಳಬರೇ. ಕೋಲಾರದ ಚಿನ್ನದ ಗಣಿಯನ್ನು ಆಳಕ್ಕೆ ಇಳಿಸಿದವರಲ್ಲಿ ಇವರ ಮುತ್ತಾತಂದಿರು ಬೇಕಾದಷ್ಟು ಜನ ಇದ್ದರು.)

ಆ ಸುರಂಗದಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ಕನ್ನಡಿಯ ಮುಂದೆ. ಕನ್ನಡಿ ಅಂದರೆ ಬಟ್ಟೆ ಗುಂಡಿಯಷ್ಟೂ ಇಲ್ಲ. ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಮಾಡಿದ ಉಪಾಯ. ಸಾವಿರಾರು ಮೈಲಿ ನೀರಿನಡಿ ಬಂದ ಕರೆಂಟಿಗೆ ಗಂಟೆ ಬಾರಿಸುವ ಶಕ್ತಿ ಉಳಿದಿರುವುದಿಲ್ಲ. ಅದಕ್ಕೆ ಪುಟ್ಟ ಕನ್ನಡಿಗೆ ಸಣ್ಣ ಅಯಸ್ಕಾಂತ ಅಂಟಿಸಿ ನೂಲಿನಲ್ಲಿ ತೂಗುಬಿಟ್ಟರು. ಕರೆಂಟು ಬಂದರೆ ಕನ್ನಡಿ ಕೂದಲೆಳೆಯಷ್ಟು ತಿರುಗುತ್ತದೆ. ಅದರ ಮೇಲೆ ಬಿದ್ದ ದೀಪದ ಬೆಳಕು ಎದುರಿನ ಅಳತೆಪಟ್ಟಿಯಲ್ಲಿ ಎಡಕ್ಕೋ ಬಲಕ್ಕೋ ಓಡುತ್ತದೆ. ಎಡಕ್ಕೆ ಹೋದರೆ ಚುಕ್ಕಿ, ಬಲಕ್ಕೆ ಹೋದರೆ ಗೆರೆ. ಚುಕ್ಕಿ ಗೆರೆ ಸೇರಿದರೆ ಮೋರ್ಸ್ ಸಂಕೇತದ ಒಂದೊಂದು ಅಕ್ಷರ. ಕತ್ತಲ ಕೋಣೆಯಲ್ಲಿ ಒಬ್ಬ ಗುಮಾಸ್ತ ಆ ಬೆಳಕನ್ನೇ ನೋಡುತ್ತಾ ಅಕ್ಷರ ಕೂಗಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ಒಂದೊಂದು ನಿಲ್ದಾಣದಲ್ಲೂ ಹೀಗೆ ಓದಿ ಮತ್ತೆ ಮುಂದಕ್ಕೆ ಕಳಿಸಬೇಕು. ಅಷ್ಟಾದರೂ ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ನಿಮಿಷಗಳಲ್ಲಿ ಬೊಂಬಾಯಿ ಸೇರುತ್ತಿತ್ತು.

ಅಲ್ಲಿ ನಿಂತಾಗ ನನ್ನ ತಲೆಗೆ ಬಂದದ್ದು ಕಾಫಿ. 1854ರಿಂದ ಈಚೆಗೆ ಕೊಡಗಿನಲ್ಲಿ ಇಂಗ್ಲಿಷ್ ದೊರೆಗಳ ತೋಟಗಳು ಎದ್ದವು. ಕಾಫಿ ಮಾರಾಟವಾಗುತ್ತಿದ್ದದ್ದು ಲಂಡನ್ನಿನಲ್ಲಿ. ಲಂಡನ್ನಿನ ದರ ನಿಮಿಷಗಳಲ್ಲಿ ಬೊಂಬಾಯಿಗೆ ಬಂತು ಅಂತಿಟ್ಟುಕೊಳ್ಳಿ. ಬೊಂಬಾಯಿಯಿಂದ ತಂತಿಯಲ್ಲೇ ದಕ್ಷಿಣಕ್ಕೂ ಬಂತು. ಆಮೇಲೆ? ತಂತಿ ಕಂಬ ಮುಗಿದ ಕಡೆ ಒಬ್ಬ ಮನುಷ್ಯ ಚೀಟಿ ಹಿಡಿದು ಮಳೆಯಲ್ಲಿ ಗುಡ್ಡ ಹತ್ತಬೇಕು. ದಾರಿಯಲ್ಲಿ ಹೊಳೆ ತುಂಬಿದ್ದರೆ ಕಾಯಬೇಕು. ಮಾತಿನ ತಂತ್ರಜ್ಞಾನದ ಚರಿತ್ರೆ ಅಂದರೆ ಎಲ್ಲರೂ ಸಮುದ್ರ ದಾಟಿದ ಕಥೆ ಹೇಳುತ್ತಾರೆ. ನನಗೇನೋ ಕೊನೆಯ ಒಂದೆರಡು ಮೈಲಿಯದ್ದೇ ನಿಜವಾದ ಕಥೆ ಅನ್ನಿಸುತ್ತದೆ. ಅದು ಇವತ್ತಿಗೂ ಮುಗಿದಿಲ್ಲ.

ನನ್ನ ಅಪ್ಪ ಕಾಫಿ ತೋಟದಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಅರಕಲಗೂಡು ಕಡೆಯಿಂದ ಬಂದು ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನೆಲೆ ನಿಂತವರು. ಅಜ್ಜ ಊರಿನಲ್ಲಿ ತೀರಿಕೊಂಡಾಗ ಟೆಲಿಗ್ರಾಂ ಕೊಟ್ಟಿದ್ದರು. ಅದು ಪೋಸ್ಟಾಫೀಸಿನವರೆಗೆ ಅದೇ ದಿನ ಬಂದಿತ್ತು. ಅಲ್ಲಿಂದ ತೋಟದ ಗೇಟಿಗೆ ಬಂದದ್ದು ಮಾರನೇ ದಿನ ಸಂಜೆ. ಆಟಿ ಮಳೆ, ರಸ್ತೆಗೆ ಮರ ಬಿದ್ದಿತ್ತು, ಪೋಸ್ಟ್‌ಮ್ಯಾನ್ ಪಾಪ ಏನು ಮಾಡಿಯಾನು. ಅಪ್ಪ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟೆಲಿಗ್ರಾಂಗಿಂತ ಅವರು ಜಾಸ್ತಿ ನಂಬಿದ್ದು ಪ್ರೈವೇಟ್ ಬಸ್ಸಿನ ಕಂಡಕ್ಟರನ್ನು. ನಾಪೋಕ್ಲುವಿನ ಅಂಗಡಿಗೆ ಚೀಟಿ, ವಿರಾಜಪೇಟೆಗೆ ಹೇಳಿಕಳಿಸುವ ಮಾತು, ಕೊರಿಯರ್ ಬರುವ ಎಷ್ಟೋ ಮೊದಲು ಎಲ್ಲ ಅವರ ಕೈಯಲ್ಲೇ ಹೋಗುತ್ತಿತ್ತು. ಉತ್ತರವೂ ಸಂಜೆ ಟ್ರಿಪ್ಪಿನಲ್ಲಿ ಬರುತ್ತಿತ್ತು.

ಕೊನೆಯ ಮೈಲಿಯನ್ನು ಸರಿಯಾಗಿ ಬಗೆಹರಿಸಿದವರು ಅಂದರೆ ನಮ್ಮ ನೆರೆಯ ಕೊಡವರು. ಮನೆಗಳು ಒಂದಕ್ಕೊಂದು ದೂರ, ನಡುವೆ ತೋಟ, ಗದ್ದೆ, ಕಾಡು. ಹಾಗಾಗಿ ಸುದ್ದಿಯನ್ನು ಹೊತ್ತು ತಿರುಗುವ ಗೋಜೇ ಇಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಬೆನ್ನುಬೆನ್ನಿಗೆ ಎರಡು. ಕಿವಿಗೆ ಬಿದ್ದವರೆಲ್ಲ ಕೈಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. (ಹೆಣ್ಣು ಹುಟ್ಟಿದರೆ ಯಾಕಿಲ್ಲ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. ಉತ್ತರ ಬರಲಿಲ್ಲ, ನಗು ಬಂತು.) ಪೋರ್ತ್‌ಕರ್ನೋದಿಂದ ಸ್ವಲ್ಪ ಆಚೆ ಪೋಲ್ಡು ಎಂಬ ಬಂಡೆಯ ಮೇಲಿನಿಂದ 1901ರ ಡಿಸೆಂಬರ್ 12ರಂದು ಮಾರ್ಕೋನಿ ಅವರ ನಿಲ್ದಾಣ ತಂತಿಯೇ ಇಲ್ಲದೆ ಅಟ್ಲಾಂಟಿಕ್ ದಾಟಿಸಿತೆನ್ನುವುದೂ ಬರೀ ಮೂರು ಚುಕ್ಕಿ, ಮೋರ್ಸ್ ಸಂಕೇತದ 'ಎಸ್' ಅಕ್ಷರ. ಆಚೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ ಅದನ್ನು ಕೇಳಿಸಿಕೊಂಡರು. ಮೂರು ಸದ್ದು ಬರುತ್ತದೆ ಅಂತ ಮೊದಲೇ ಮಾತಾಗಿತ್ತು, ಆದ್ದರಿಂದ ಅದು ಸುದ್ದಿಯಾಯಿತು. ನಮ್ಮೂರ ಎರಡು ಗುಂಡೂ ಹಾಗೆಯೇ.

ಆಮೇಲಿನದ್ದು ನಿಮಗೆಲ್ಲ ಗೊತ್ತಿರುವುದೇ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕೂರುವುದು, ಅರ್ಜೆಂಟ್ ಇದ್ದರೆ ಎಂಟು ಪಟ್ಟು ಕೊಟ್ಟು ಲೈಟ್ನಿಂಗ್ ಕಾಲ್. 1986ರಲ್ಲಿ ಸಿ-ಡಾಟ್ ಎಂಬ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆಯವರು ಹಳ್ಳಿಗಾಗಿಯೇ ಮಾಡಿದ 128 ಲೈನಿನ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ. ಏಸಿ ಬೇಡ, ದೂಳು ಸೆಕೆ ಎಲ್ಲ ತಡೆಯುತ್ತಿತ್ತು. ಊರೂರಿಗೆ ಫೋನ್ ಬಂದದ್ದರ ಹಿಂದೆ ಆ ಪೆಟ್ಟಿಗೆ ಇದೆ. ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ಕೆಂಪು ಅಂಕಿ ಓಡುವ ಮೀಟರು, ಮಾತಿಗಿಂತ ಜಾಸ್ತಿ ಮೀಟರನ್ನೇ ನೋಡುವ ನಾವು.

ಆ ಕಾಲದ ಐಎಸ್‌ಡಿ ಕಾಲ್ ನೆನಪಿದೆಯಾ? ದುಬೈಯಲ್ಲಿದ್ದ ಸೋದರಮಾವ ಫೋನ್ ಮಾಡಿದರೆ ಅಮ್ಮ ಮತ್ತು ಅವರು ಒಟ್ಟಿಗೇ ಮಾತಾಡುತ್ತಿದ್ದರು, ಆಮೇಲೆ ಒಟ್ಟಿಗೇ ಸುಮ್ಮನಾಗುತ್ತಿದ್ದರು. "ನೀನು ಹೇಳು", "ಇಲ್ಲ, ನೀನೇ ಹೇಳಕ್ಕ." ಇದಕ್ಕೆ ಕಾರಣ ನನಗೆ ಗೊತ್ತಾದದ್ದು ಇಲ್ಲಿ ಬಂದ ಮೇಲೆ. ಕರೆ ಉಪಗ್ರಹದ ಮೂಲಕ ಹೋದರೆ ಮಾತು ಸುಮಾರು 36,000 ಕಿಲೋಮೀಟರ್ ಮೇಲೇರಿ ಮತ್ತೆ ಅಷ್ಟೇ ಇಳಿಯಬೇಕು. ಹೋಗಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಆ ಅರ್ಧ ಸೆಕೆಂಡಿನಲ್ಲೇ ಎದುರಿನವರು ಸಿಟ್ಟಾಗಿದ್ದಾರೆ ಅಂತ ಅನ್ನಿಸಿಬಿಡುತ್ತಿತ್ತು. ಉಪಗ್ರಹದ ದೊಡ್ಡ ತಟ್ಟೆಯೂ ಕಾರ್ನ್‌ವಾಲಿನಲ್ಲೇ ಇದೆ, ಗೂನ್‌ಹಿಲಿ ಎಂಬ ಬಯಲಿನಲ್ಲಿ. ಅದಕ್ಕೆ 'ಆರ್ಥರ್' ಅಂತ ಹೆಸರು. 1962ರ ಜುಲೈಯಲ್ಲಿ ಟೆಲ್‌ಸ್ಟಾರ್ ಉಪಗ್ರಹದ ಮೂಲಕ ಅಮೆರಿಕದ ಟಿವಿ ಚಿತ್ರವನ್ನು ನೇರವಾಗಿ ಹಿಡಿದದ್ದು ಇದೇ. ಟೆಲ್‌ಸ್ಟಾರ್ ಕೆಳಗಿನ ಕಕ್ಷೆಯಲ್ಲಿ ಓಡುತ್ತಿತ್ತು. ಒಂದು ಸುತ್ತಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಮಾತ್ರ ಎರಡೂ ಕಡೆಗೆ ಕಾಣುತ್ತಿತ್ತು, ಅಷ್ಟರಲ್ಲಿ ಹೇಳುವುದನ್ನು ಹೇಳಿ ಮುಗಿಸಬೇಕು.

ಈಗ ಮತ್ತೆ ಎಲ್ಲ ಸಮುದ್ರದ ತಳಕ್ಕೇ ಇಳಿದಿದೆ. 1997ರಲ್ಲಿ ಬಂದ 'ಫ್ಲಾಗ್' ಎಂಬ ಕೇಬಲ್ ಅದೇ ಪೋರ್ತ್‌ಕರ್ನೋದಿಂದ ಹೊರಟು ಮುಂಬೈ ಮುಟ್ಟಿ ಜಪಾನಿನವರೆಗೆ ಹೋಗುತ್ತದೆ. ಆಳ ಸಮುದ್ರದಲ್ಲಿ ಇಂಥ ಕೇಬಲ್ ನಮ್ಮ ತೋಟಕ್ಕೆ ನೀರು ಬಿಡುವ ಸಣ್ಣ ಹೋಸಿನಷ್ಟೇ ದಪ್ಪ. ಒಳಗೆ ಕೂದಲಿನಂಥ ಗಾಜಿನ ಎಳೆಗಳು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಮುಂಬೈಗೆ ಸೆಕೆಂಡಿನ ಹತ್ತರಲ್ಲೊಂದು ಪಾಲೂ ಬೇಡ.

ಆದರೆ ಮುಂಬೈಯಿಂದ ಕಕ್ಕಬ್ಬೆಗೆ, ಜುಲೈ ತಿಂಗಳಲ್ಲಿ?

2018ರ ಆಗಸ್ಟ್ ನೆನಪಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಂದೂರು ಕಡೆ ನನ್ನ ಚಿಕ್ಕಮ್ಮ ಇದ್ದರು. ಗುಡ್ಡ ಜಾರಿದ ಸುದ್ದಿ, ಡ್ರೋನ್ ಚಿತ್ರ, ಕೆಂಪು ಮಣ್ಣಿನಲ್ಲಿ ಕೊಚ್ಚಿಹೋದ ಮನೆ, ಎಲ್ಲವೂ ಕಾರ್ನ್‌ವಾಲಿನ ನನ್ನ ಫೋನಿಗೆ ಬರುತ್ತಿತ್ತು. ಚಿಕ್ಕಮ್ಮನ ಫೋನು ಮಾತ್ರ ಸ್ವಿಚ್ ಆಫ್. ಕರೆಂಟು ಹೋದರೆ ಟವರು ಬ್ಯಾಟರಿಯಲ್ಲಿ ಕೆಲವು ಗಂಟೆ, ಆಮೇಲೆ ಡೀಸೆಲ್ ಜನರೇಟರಿನಲ್ಲಿ ನಡೆಯುತ್ತದೆ. ರಸ್ತೆಯೇ ಕುಸಿದಾಗ ಡೀಸೆಲ್ ತರುವವರು ಯಾರು? ಕೊನೆಗೆ ಸುದ್ದಿ ಬಂದದ್ದು ಒಂದು ಕಾಗದದಿಂದ. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಯಾರೋ ಪುಣ್ಯಾತ್ಮರು ಅಲ್ಲಿದ್ದವರ ಹೆಸರನ್ನೆಲ್ಲ ಗೆರೆ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದರು. ಅಕ್ಷರ ಓಲಾಡಿತ್ತು, ಹಾಳೆಯ ಒಂದು ಮೂಲೆ ಒದ್ದೆಯಾಗಿತ್ತು. ಚಿಕ್ಕಮ್ಮನ ಹೆಸರಿನ ಮುಂದೆ ವಯಸ್ಸು ಹತ್ತು ವರ್ಷ ಜಾಸ್ತಿ ಬರೆದಿದ್ದರು. ಅವರಿಗೆ ಇವತ್ತಿಗೂ ಅದೊಂದೇ ಬೇಜಾರು.

ನನ್ನ ತಕರಾರು ಏನೆಂದರೆ, ಹೊಸತು ಬಂದಾಗಲೆಲ್ಲ ಹಳೆಯದರ ಒಂದು ಒಳ್ಳೇ ಗುಣ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತದೆ. ಹಳೇ ಲ್ಯಾಂಡ್‌ಲೈನ್ ನೋಡಿ. ಅದಕ್ಕೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಾಮ್ರದ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಮನೆ ಕತ್ತಲಾಗಿದ್ದರೂ, ಎಕ್ಸ್‌ಚೇಂಜಿನ ಬ್ಯಾಟರಿ ಇರುವವರೆಗೆ, ತಂತಿ ತುಂಡಾಗದಿದ್ದರೆ, ರಿಸೀವರ್ ಎತ್ತಿದಾಗ ಡಯಲ್ ಟೋನ್ ಇರುತ್ತಿತ್ತು. ಈಗ ಅಮ್ಮನ ಮನೆಗೆ ಫೈಬರ್, ಅಂದರೆ ಅದೇ ಗಾಜಿನ ಎಳೆ, ಬಂದಿದೆ. ವೇಗ ನನ್ನ ಇಲ್ಲಿನ ಮನೆಗಿಂತ ಚೆನ್ನಾಗಿದೆ, ಸುಳ್ಳು ಹೇಳಬಾರದು. ಗಾಜಿನ ಎಳೆ ಕರೆಂಟು ತರುವುದಿಲ್ಲ, ಅಷ್ಟೆ. ಸಿಲ್ವರ್ ಓಕಿನ ಕೊಂಬೆ ಕರೆಂಟಿನ ಲೈನಿನ ಮೇಲೆ ಬಿದ್ದ ಕೂಡಲೇ ಗೋಡೆಯ ಮೇಲಿನ ಪೆಟ್ಟಿಗೆ ಸತ್ತಿತು.

ಇಲ್ಲೂ ಇದೇ ಗಲಾಟೆ. ಬ್ರಿಟನ್ನಿನಲ್ಲಿ ತಾಮ್ರದ ಹಳೇ ಫೋನ್ ವ್ಯವಸ್ಥೆಯನ್ನು 2027ರ ಜನವರಿಯೊಳಗೆ ಪೂರ್ತಿ ಮುಚ್ಚುವುದಾಗಿ ಗಡುವು ಹಾಕಿಕೊಂಡಿದ್ದಾರೆ. ನನ್ನ ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಇದರದ್ದೇ ಚಿಂತೆ. ಫೋನನ್ನೇ ನಂಬಿಕೊಂಡವರಿಗೆ ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡುವಂತೆ ಬ್ಯಾಟರಿ ಕೊಡಬೇಕು ಅಂತ ಇಲ್ಲಿನ ನಿಯಂತ್ರಕರು ಹೇಳಿದ್ದಾರೆ. ಅಜ್ಜಿಗೆ ನಗು. ಅಟ್ಲಾಂಟಿಕ್ ಬಿರುಗಾಳಿಗೆ ಹೋದ ಕರೆಂಟು ಒಂದು ಗಂಟೆಯಲ್ಲಿ ಬರುತ್ತದಾ? ಅಮ್ಮನನ್ನೂ ಅವರನ್ನೂ ವೀಡಿಯೊ ಕಾಲಿನಲ್ಲಿ ಕೂರಿಸಿದೆ. ನಾನು ನಡುವೆ ದುಭಾಷಿ. ಇಬ್ಬರೂ ಮಳೆ ಬಗ್ಗೆ, ಕರೆಂಟಿನ ಬಗ್ಗೆ ಮನಸಾರೆ ಬೈದುಕೊಂಡು ಗೆಳತಿಯರಾದರು.

ತೋಟದ ಅಕ್ಕಪಕ್ಕದವರು ಈಗ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಬಂತು, ಕರಿಮೆಣಸಿಗೆ ಏನು ರೇಟು, ಯಾರ ತೋಟದಲ್ಲಿ ಆನೆ ನಿಂತಿದೆ, ಎಲ್ಲ ಅದರಲ್ಲೇ. ನಾನೂ ಇದ್ದೇನೆ. ಆನೆ ಸುದ್ದಿಯಿಂದ ನನಗೆ ಪ್ರಯೋಜನವಿಲ್ಲ, ಆದರೂ ಓದುತ್ತೇನೆ. ಸಾವಾದರೆ ನೆರೆಮನೆಯ ಅಣ್ಣ ಮೊದಲು ಎರಡು ಗುಂಡು ಹೊಡೆದು ಆಮೇಲೆ ಗುಂಪಿಗೆ ಹಾಕುತ್ತಾರೆ. ಆ ಕ್ರಮ ತಪ್ಪಿಸುವುದಿಲ್ಲ. ನೆಟ್ ಇಲ್ಲದ ದಿನವೂ ಹತ್ತಿರದವರು ಬಂದು ಸೇರುತ್ತಾರೆ, ನಮ್ಮಂಥ ದೂರದವರಿಗೆ ಮಾತ್ರ ತಡವಾಗಿ ಗೊತ್ತಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಫೈಬರ್ ಪೆಟ್ಟಿಗೆ ತಿನ್ನುವ ಕರೆಂಟು ತುಂಬಾ ಕಡಿಮೆ, ಹತ್ತು ಹದಿನೈದು ವ್ಯಾಟ್ ಅಷ್ಟೆ. ಅದಕ್ಕೆಂದೇ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ. ಅಮ್ಮನಿಗೆ ತಂದುಕೊಟ್ಟದ್ದು ಕೆಲವು ಗಂಟೆ ಎಳೆಯುತ್ತದೆ. ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್ ನೋಡಿ, ಹೆಚ್ಚಿನವು 12 ವೋಲ್ಟಿನವು. ಪೆಟ್ಟಿಗೆ, ರೌಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಗುಡುಗು ಮಿಂಚು ಶುರುವಾಗುವ ಮೊದಲೇ ಪ್ಲಗ್ ಕಿತ್ತು ಯುಪಿಎಸ್ಸಿನಲ್ಲೇ ನಡೆಸಿ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಕರೆಂಟಿನ ಲೈನಿನಲ್ಲಿ ಬರಬಹುದು.