ಒಂದು ಡಬ್ಬಿ ಹ್ಯಾಕ್ಸಾ ಬ್ಲೇಡ್

ಇವತ್ತು ಬೆಳಗ್ಗೆ ಪ್ರಿನ್ಸಿಪಾಲ್ ಮೇಡಂ ನಮ್ಮ ಐಟಿಐನ ಫಿಟ್ಟರ್ ವರ್ಕ್‌ಶಾಪಿಗೆ ಬಂದರು. ಹಾಜರಿ ಪುಸ್ತಕ ಕೇಳಲಿಲ್ಲ. ನೇರವಾಗಿ ಕಬ್ಬಿಣ ಬಿಗಿದು ಹಿಡಿಯೋ ಮೂರನೇ ವೈಸ್ ಹತ್ತಿರ ಹೋದರು. ಹುಡುಗನ ಕೈಲಿದ್ದ ಜಾಬ್ (ಅವನು ಕೆಲಸ ಮಾಡುತ್ತಿದ್ದ ಕಬ್ಬಿಣದ ತುಂಡು) ತಗೊಂಡು, ಮೂಲೆ ನೇರ ಇದೆಯಾ ಅಂತ ನೋಡೋ ಟ್ರೈ ಸ್ಕ್ವೇರ್ ಇಟ್ಟು, ಕಿಟಕಿ ಕಡೆ ಹಿಡಿದರು. ಸಂದಿಯಲ್ಲಿ ಸಣ್ಣಗೆ ಬೆಳಕು ಕಂಡಿತು.

"ಈ ಮೂಲೇಲಿ ಇನ್ನೊಂಚೂರು ಅರದಲ್ಲಿ ಫೈಲಿಂಗ್ ಮಾಡಪ್ಪ" ಅಂದರು.

ಆಮೇಲೆ ನನ್ನ ಕಡೆ ತಿರುಗಿ, "ಬ್ಲೇಡ್ ಇದೆಯಾ ಸರ್?"

ಮುಗಿದಿದೆ ಅಂದೆ. ಸ್ಟೋರಿಗೆ ಕಳಿಸೋ ಬೇಡಿಕೆ ಚೀಟಿ, ಇಂಡೆಂಟ್ ತರಿಸಿ, ಅಲ್ಲೇ ಬೆಂಚಿನ ಮೇಲಿಟ್ಟು ಸಹಿ ಹಾಕಿದರು. ಮಧ್ಯಾಹ್ನಕ್ಕೆ ಸ್ಟೋರಿನಿಂದ ಡಬ್ಬಿ ಬಂತು.

ಹಿಂದೆ ನಾನಿದ್ದ ಇನ್ನೊಂದು ಐಟಿಐಯಲ್ಲಿ ಇದೇ ಸಹಿಗೆ ತಿಂಗಳುಗಟ್ಟಲೆ ಕಾದಿದ್ದೇನೆ. ಫಿಟ್ಟರ್ ಕೋರ್ಸ್ ಇರೋದೇ 2 ವರ್ಷ. ಹಲ್ಲು ಸವೆದ ಬ್ಲೇಡಿನಲ್ಲಿ ಹುಡುಗರು ಕಬ್ಬಿಣ ಕೊಯ್ಯುತ್ತಿರಲಿಲ್ಲ, ಸುಮ್ನೆ ಉಜ್ಜುತ್ತಿದ್ದರು. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮುಗಿಸುತ್ತಿದ್ದೆ. ಬರ್ತಾ ಬರ್ತಾ ಕೇಳೋದನ್ನೇ ಬಿಟ್ಟೆ. ಐದು ಗಂಟೆ ಯಾವಾಗ ಆಗುತ್ತೋ ಅಂತ ಗಡಿಯಾರ ನೋಡುತ್ತಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಬೇಜಾರಾಗುತ್ತೆ. ಆ ಬ್ಯಾಚಿನ ಮಕ್ಕಳಿಗೆ ನಾನು ಕೊಟ್ಟಿದ್ದು ಕಡಿಮೆ.

ಮೇಷ್ಟ್ರು ಸರಿಯಾಗಿ ಕಲಿಸಲ್ಲ ಅಂತ ಹೇಳೋರು ಜಾಸ್ತಿ. ಅವರ ಕೈಗೆ ಏನು ಕೊಟ್ಟಿದ್ದೀರಿ ಅಂತ ಆಫೀಸ್ ರೂಮಿನ ಬಾಗಿಲು ತಟ್ಟಿ ಕೇಳೋರು ಕಡಿಮೆ, ಅಲ್ವಾ?

ಇವತ್ತು ಐದಾದರೂ ನಾಲ್ಕು ಹುಡುಗರು ವೈಸ್ ಬಿಟ್ಟು ಕದಲಲಿಲ್ಲ. ನಾನೂ ಹೊರಡಲಿಲ್ಲ. ಹೊಸ ಬ್ಲೇಡು ಕಬ್ಬಿಣ ಕಚ್ಚುವ ಸದ್ದು ಕೇಳುತ್ತಾ ಅಲ್ಲೇ ನಿಂತಿದ್ದೆ.